ಲೇಬಲ್ಲಿನ ಸುತ್ತ ಸೂಜಿಯ ತೂತು

"ಲೇಬಲ್ಲಿನ ಮೇಲಿಂದ ಸ್ವಲ್ಪ ಕೈ ತೆಗೀರಿ ಮಾಮ," ಎಂದಳು ಇನ್ಸ್‌ಪೆಕ್ಟರ್.

ಮಾಮ ಕೈ ತೆಗೆದರು. ನೀಲಿ ಬಟ್ಟೆಯ ನಡುವೆ, ಹಳದಿ ಪಟ್ಟಿಯ ಅಂಚಿಗೆ, ಬೆಂಕಿಪೊಟ್ಟಣದಷ್ಟು ಅಗಲದ ಬಿಳಿ ಚೌಕ. ಅದರ ಮೇಲೆ ಕಂಪನಿಯ ಗುರುತು, ತಯಾರಾದ ವರ್ಷ, ದಪ್ಪ ಅಂಕಿಯಲ್ಲಿ ಅಳತೆ. ನೂರೆಪ್ಪತ್ತು ಚದರಡಿ.

ಇನ್ಸ್‌ಪೆಕ್ಟರ್ ಮೊಣಕಾಲೂರಿ ಬಗ್ಗಿದಳು. ಮಂಡಿ ಕಟಕ್ಕೆಂದಿತು. ಐವತ್ತು ದಾಟಿದ ಮೇಲೆ ಆ ಮಂಡಿ ಪ್ರತಿಯೊಂದು ಕೇಸಿನಲ್ಲೂ ತನ್ನದೊಂದು ಹೇಳಿಕೆ ಕೊಡುತ್ತಿತ್ತು.

ಕನ್ನಡಕದಂಗಡಿಯವನು ಈ ಪ್ಯಾರಾಚೂಟ್ ಬಟ್ಟೆಯ ಕೆಳಗೆ ತೂಗುತ್ತ ಬಂದು, ಹಾರಾಟದ ಮೈದಾನದ ಬೇಲಿ ಪಕ್ಕ ನೆಲಕ್ಕಪ್ಪಳಿಸಿ ಸತ್ತು ಒಂದು ವಾರವಾಗಿತ್ತು. ಆಕಸ್ಮಿಕ ಎಂದು ಎಲ್ಲರೂ ಹೇಳಿದ್ದರು. ಅಲ್ಲ ಎಂದವಳು ಅವನ ಹೆಂಡತಿ ಒಬ್ಬಳೇ. ಬೇಗ ಮುಗಿಸಿ ಕೈ ತೊಳೆದುಕೊಳ್ಳಿ ಎಂದು ಬೆಳಿಗ್ಗೆಯಷ್ಟೇ ಸಾಹೇಬರ ಫೋನು ಬಂದಿತ್ತು.

ಪ್ಯಾರಾಚೂಟ್ ಮಡಿಸುವ ಶೆಡ್ಡು ಉದ್ದಕ್ಕೆ ಖಾಲಿ ಬಿದ್ದಿತ್ತು. ಮೇಲೆ ತಗಡು, ಕೆಳಗೆ ಸವೆದ ಹಾಸು, ಗೋಡೆಗೆ ಸಾಲಾಗಿ ನೇತುಹಾಕಿದ ಬೆನ್ನುಚೀಲಗಳು. ಮೂಲೆಯಲ್ಲಿ ಮಾಮನ ಹೊಲಿಗೆ ಮೆಷಿನ್ನು, ಪಕ್ಕದ ಡಬ್ಬಿಗಳಲ್ಲಿ ದಾರದ ಉಂಡೆಗಳು. ಹರಿದದ್ದನ್ನು ಹೊಲಿಯುವುದು, ಆಪತ್ತಿಗೆಂದು ಇರುವ ಎರಡನೇ ಪ್ಯಾರಾಚೂಟನ್ನು ಮಡಿಸಿ ಸೀಲು ಹಾಕುವುದು ಮಾಮನ ಕೆಲಸ. ಅವರಿಗೂ ವಯಸ್ಸಾಗಿತ್ತು. ಕೂತರೆ ಏಳಲು ನೆಲಕ್ಕೆ ಕೈಯೂರುತ್ತಿದ್ದರು.

"ಇನ್ನೊಂದು ಸಲ ಹೇಳಿ ಮಾಮ. ನನಗೆ ತಿಳಿಯೋ ಹಾಗೆ."

"ಬಟ್ಟೆ ದೊಡ್ಡದಿದ್ರೆ ನಿಧಾನ, ಮೇಡಂ. ಹಾರೋನು ತಪ್ಪು ಮಾಡಿದ್ರೂ ಹೊಟ್ಟೆಗೆ ಹಾಕ್ಕೊಳ್ಳುತ್ತೆ. ಚಿಕ್ಕದಾದಷ್ಟೂ ಜೋರು. ತಿರುಗಿಸೋ ಹಿಡಿ ಸ್ವಲ್ಪ ಎಳೆದ್ರೆ ಸಾಕು, ತಿರುಗೋ ಜೊತೆಗೆ ತಲೆ ತಗ್ಗಿಸಿ ನೆಲಕ್ಕೆ ನುಗ್ಗುತ್ತೆ. ಅದಕ್ಕೇ ಒಂದೊಂದೇ ಮೆಟ್ಟಿಲು ಇಳೀಬೇಕು. ಮೈತೂಕ ನೋಡ್ಬೇಕು, ಎಷ್ಟು ಸಲ ಸರಿಯಾಗಿ ಇಳಿದಿದ್ದಾರೆ ನೋಡ್ಬೇಕು."

"ಅಂಗಡಿಯವರು ಎಷ್ಟನೇ ಮೆಟ್ಟಿಲಲ್ಲಿದ್ರು?"

"ನಡುವೆ. ಕಲಿಯೋರೂ ಅಲ್ಲ, ಪಳಗಿದೋರೂ ಅಲ್ಲ." ಮಾಮ ಮುಖ ಒರೆಸಿಕೊಂಡರು. "ಆ ನಡುವಿನೋರದ್ದೇ ನಮಗೆ ತಲೆನೋವು. ಧೈರ್ಯ ಬಂದಿರುತ್ತೆ, ಕೈ ಇನ್ನೂ ಕೂತಿರಲ್ಲ. ಆದ್ರೆ ಇವರು ಹಾಗಲ್ಲ ಮೇಡಂ. ನೂರತೊಂಬತ್ತರಲ್ಲೇ ಎರಡು ವರ್ಷ ಹಾರಿದ್ರು. ನೂರೆಪ್ಪತ್ತಕ್ಕೆ ಇಳೀಲಾ ಅಂತ ಕೋಚ್ ಹತ್ರ ಹತ್ತು ಸಲ ಕೇಳಿದ್ರು. ಕೋಚ್ ಒಪ್ಪಿದ ಮೇಲೇ ಇದನ್ನ ಚೀಲಕ್ಕೆ ಕಟ್ಟಿಕೊಂಡಿದ್ದು."

"ಸಾಮಾನು ಹೇಗೆ ಇಟ್ಕೊಳ್ತಿದ್ರು?"

"ಮಗು ಥರ. ಬಿಸಿಲಿಗೆ ಹಾಕ್ತಿರ್ಲಿಲ್ಲ, ಮರಳಲ್ಲಿ ಎಳೀತಿರ್ಲಿಲ್ಲ. ಕಾರಿನ ಡಿಕ್ಕಿ ಬಿಸಿ ಅಂತ ಬೆನ್ನಿಗೆ ಹಾಕ್ಕೊಂಡೇ ಬಸ್ಸಿಗೆ ಬರೋರು. ಹಗ್ಗ ಒಂದೆಳೆ ಎದ್ರೂ ನನ್ನ ಮುಂದೆ ತಂದು ಹಿಡಿಯೋರು. ಮೊದಲನೇ ಪ್ಯಾರಾಚೂಟು ಕೈಕೊಟ್ರೆ ಕಳಚೋಕೆ ಒಂದು ತಂತಿ ಇರುತ್ತಲ್ಲ, ಅದನ್ನ ತಿಂಗಳು ತಿಂಗಳೂ ಒರೆಸೋರು. ಬೇರೆಯೋರಿಗೆ ನಾನು ಬೈದು ಒರೆಸಿಸ್ಬೇಕು."

ಅಂಥ ಮನುಷ್ಯ. ಇಳಿಯುವಾಗ ಗಾಳಿ ತಳ್ಳಿತು, ಬೇಲಿ ಎದುರಿಗೆ ಬಂತು, ತಪ್ಪಿಸಿಕೊಳ್ಳಲು ಬಲಗಡೆ ಸ್ವಲ್ಪ ತಿರುಗಿಸಿದ. ಬಟ್ಟೆ ಅವನನ್ನು ಬುಗುರಿಯಂತೆ ಬೀಸಿ ನೆಲಕ್ಕೆ ಹೊಡೆಯಿತು. ನೋಡಿದವರೆಲ್ಲ ಹೇಳಿದ್ದು ಇಷ್ಟೇ.

ಇನ್ಸ್‌ಪೆಕ್ಟರ್ ಕನ್ನಡಕ ಏರಿಸಿ ಲೇಬಲ್ಲನ್ನು ಬೆಳಕಿಗೆ ಹಿಡಿದಳು. ಹೊಲಿಗೆ ಬಹಳ ಸಣ್ಣದು, ಒಂದೇ ಅಳತೆಯದು, ಕೈಯಿಂದ ಹಾಕಿದ್ದು. ದಾರ ಹೊಚ್ಚ ಬಿಳಿ. ಬಟ್ಟೆಯ ಉಳಿದ ಹೊಲಿಗೆಗಳ ದಾರ ಮಣ್ಣು ಕುಡಿದು ಬೂದಿ ಬಣ್ಣಕ್ಕೆ ತಿರುಗಿತ್ತು.

ಆಮೇಲೆ ಅವಳಿಗೆ ಇನ್ನೊಂದು ಕಂಡಿತು. ಲೇಬಲ್ಲಿನ ಹೊರಗೆ, ಸುತ್ತಲೂ, ಇರುವೆ ಸಾಲಿನಂತೆ ಸಣ್ಣ ಸಣ್ಣ ತೂತುಗಳು. ಇದಕ್ಕಿಂತ ತುಸು ದೊಡ್ಡದಾದ ಇನ್ನೊಂದು ಚೌಕವನ್ನು ಯಾವಾಗಲೋ ಮೆಷಿನ್ನಿನಲ್ಲಿ ಅಲ್ಲಿ ಹೊಲಿದಿದ್ದರು. ಈಗ ಅದಿಲ್ಲ. ತೂತು ಉಳಿದಿವೆ.

"ಮಾಮ, ಇದೇ ಕಂಪನಿಯ, ಇದೇ ಮಾದರಿಯ ನೂರೆಪ್ಪತ್ತು ಕ್ಲಬ್ಬಿನಲ್ಲಿ ಇದೆಯಾ?"

ಮಾಮ ದಾರದ ಡಬ್ಬಿಯ ಮುಚ್ಚಳ ಸರಿಮಾಡಿದರು. "ಯಾಕೆ ಮೇಡಂ, ಇದ್ರಲ್ಲೇ ಬರೆದಿದೆಯಲ್ಲ."

"ಇದ್ರೆ ತನ್ನಿ."

ತಂದರು. ಕೆಂಪು ಬಟ್ಟೆ. ಇಬ್ಬರೂ ಸೇರಿ ಅದನ್ನು ಬಿಡಿಸಿ, ನೀಲಿಯ ಮೇಲೆ ಹಾಸಿ, ಎಡತುದಿಗಳನ್ನು ಸರಿಯಾಗಿ ಕೂಡಿಸಿದರು. ಇನ್ಸ್‌ಪೆಕ್ಟರ್ ಬಲತುದಿಗೆ ನಡೆದುಹೋದಳು.

ಕೆಂಪು ಬಟ್ಟೆ ಒಂದೂವರೆ ಮೊಳ ಹೆಚ್ಚಿಗೆ ಚಾಚಿಕೊಂಡಿತ್ತು. ಅದರಡಿ ನೀಲಿ ಇರಲಿಲ್ಲ, ಬರೀ ಹಾಸಿತ್ತು.

"ಇದು ನೂರೆಪ್ಪತ್ತಲ್ಲ," ಎಂದಳು.

"ಅಲ್ಲ," ಎಂದರು ಮಾಮ. "ನೂರಮೂವತ್ತೈದು ಇರಬೇಕು."

"ಅಂದ್ರೆ ಒಂದು ಮೆಟ್ಟಿಲು ಇಳೀಬೇಕಾದೋರು..."

"ಮೂರು ಮೆಟ್ಟಿಲು ಒಟ್ಟಿಗೆ. ನಡುವೆ ನೂರೈವತ್ತೂ ಇದೆ. ಗೊತ್ತೇ ಇಲ್ಲದೆ."

ಹೊರಗೆ ವಿಮಾನವೊಂದು ಇಂಜಿನ್ನು ಬಿಸಿ ಮಾಡಿಕೊಳ್ಳುತ್ತಿತ್ತು. ಮಾಮ ಗೋಡೆಗೆ ಒರಗಿ ಕೂತುಬಿಟ್ಟರು.

"ಅವರು ಕೇಳಿದ್ರು ಮೇಡಂ. 'ಮಾಮ, ಚೀಲ ಯಾಕೋ ಸಡಿಲ ಅನಿಸ್ತಿದೆ' ಅಂತ. ಚಿಕ್ಕ ಬಟ್ಟೆ ತುಂಬಿದ್ರೆ ಸಡಿಲ ಆಗ್ಲೇಬೇಕಲ್ಲ. ನಾನು ಚೀಲದ ಬಾಯಿ ಬಿಗಿ ಮಾಡೋ ದಾರ ಗಿಡ್ಡ ಮಾಡಿಕೊಟ್ಟೆ. ನಿಮಗಿನ್ನೂ ಹೊಸ ಬಟ್ಟೆ, ಹಾಗೇ ಇರುತ್ತೆ ಅಂದೆ. ಕೋಚ್ ಹತ್ರಾನೂ 'ಇಳಿಯೋವಾಗ ಬಹಳ ಜೋರು' ಅಂದ್ರಂತೆ. ಅವರೂ ಅದನ್ನೇ ಹೇಳಿದ್ರು, ರೂಢಿ ಆಗುತ್ತೆ ಅಂತ."

ಅವನು ಸರಿಯಾದ ಪ್ರಶ್ನೆಗಳನ್ನೇ ಕೇಳಿದ್ದ. ಎಲ್ಲರೂ ಕೆಲಸದ ನಡುವೆ, ಸುಸ್ತಿನ ನಡುವೆ, ಆ ಕ್ಷಣಕ್ಕೆ ಸಾಕಾಗುವಷ್ಟು ಉತ್ತರ ಕೊಟ್ಟು ಕಳಿಸಿದ್ದರು. ಇನ್ಸ್‌ಪೆಕ್ಟರಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ತಾನಾಗಿದ್ದರೂ ಹಾಗೇ ಮಾಡುತ್ತಿದ್ದೆ ಎನಿಸಿ ಮೈ ಇನ್ನಷ್ಟು ಭಾರವಾಯಿತು.

"ಈ ಬಟ್ಟೆ ಅವರಿಗೆ ಯಾರು ಕೊಟ್ಟಿದ್ದು?"

"ಅವರ ಬಾಮೈದ. ಇಲ್ಲಿ ಎಲ್ಲರೂ ಹದ್ದು ಅಂತ ಕರೀತೀವಿ."

*

ಜೀಪಿನಲ್ಲಿ ಫೋನು ಹೊಡೆದುಕೊಂಡಿತು. ಮನೆಯವರು. ಶಾಲೆಯ ಬಸ್ಸು ಓಡಿಸುವ ಮನುಷ್ಯ, ಸೊಂಟ ಹಿಡಿದುಕೊಂಡು ಮಂಚ ಸೇರಿದ್ದರು.

"ಬಿಸಿನೀರಿನ ಚೀಲ ಎಲ್ಲಿ ಇಟ್ಟಿದ್ದೀಯ?"

"ನಿಮ್ಮ ಬೆನ್ನ ಕೆಳಗೇ ಇದೆ ನೋಡಿ."

ಮಂಚ ಕಿರುಗುಟ್ಟಿದ ಸದ್ದು. "ಹ್ಞಾಂ, ಸಿಕ್ತು. ತಣ್ಣಗಾಗಿದೆ."

"ಏಳೋಕಾದ್ರೆ ಬಿಸಿ ಮಾಡ್ಕೊಳ್ಳಿ."

"ಏಳೋಕಾಗಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ?"

ಜೀಪು ಓಡಿಸುತ್ತಿದ್ದ ಪೇದೆ ನಗು ತಡೆಯಲಾರದೆ ಗೇರು ಬದಲಿಸಿದ. ಸಂಜೆ ಬರುತ್ತೇನೆ ಎಂದು ಹೇಳಿ ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿದಳು. ಎಷ್ಟು ದಿನಗಳಿಂದ ಅದೇ ಮಾತು ಹೇಳುತ್ತಿದ್ದಾಳೋ ಅವಳಿಗೇ ನೆನಪಿರಲಿಲ್ಲ.

ಕನ್ನಡಕದಂಗಡಿ ತೆರೆದಿತ್ತು. ಗೋಡೆಯ ತುಂಬ ಖಾಲಿ ಚೌಕಟ್ಟುಗಳು ಒಂದೇ ದಿಕ್ಕಿಗೆ ನೋಡುತ್ತಿದ್ದವು. ಮೇಜಿನ ಹಿಂದೆ ಕೂತಿದ್ದ ಹೆಂಗಸು ಕನ್ನಡಕದ ಕಾಲಿಗೆ ಎಳ್ಳಿನಷ್ಟು ಸಣ್ಣ ತಿರುಪುಮೊಳೆ ತಿರುಗಿಸುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಅಂಗಡಿ ಮುಚ್ಚೋಣ ಅಂದ್ರೆ ಆಗಲ್ಲ ಮೇಡಂ," ಎಂದಳು ತಲೆ ಎತ್ತದೆ. "ಹೇಳಿ ಹೋದೋರೆಲ್ಲ ಬರ್ತಾರೆ. ಅವರಿಗೆ ಕಣ್ಣು ಕಾಣ್ಬೇಕಲ್ಲ."

ಇನ್ಸ್‌ಪೆಕ್ಟರ್ ವಿಷಯ ಹೇಳಿದಳು. ಬಟ್ಟೆ ಚಿಕ್ಕದು, ಲೇಬಲ್ಲು ದೊಡ್ಡದರದ್ದು, ಯಾರೋ ಬದಲಾಯಿಸಿದ್ದಾರೆ. ಹೆಂಗಸು ಮೊಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಮುಚ್ಚಿದಳು.

"ನಾನು ಹೇಳ್ಲಿಲ್ವಾ? ಉಪ್ಪಿನ ಪೊಟ್ಟಣದ ಮೇಲಿದ್ದ ಅಕ್ಷರಾನೂ ಬಿಡದೆ ಓದೋರು ನಮ್ಮನೆಯವರು. ಅವರು ತಪ್ಪು ಮಾಡೋರಲ್ಲ. ಅವರಿಗೆ ತಪ್ಪು ಓದಿಸಿದ್ದಾರೆ."

"ನಿಮ್ಮ ತಮ್ಮ ಕೊಟ್ಟ ಬಟ್ಟೆ ಅದು."

"ಹೌದು. ಅವನ ಹಳೇ ಸಾಮಾನೆಲ್ಲ ನಮ್ಮ ಅಟ್ಟದಲ್ಲೇ ಇರ್ತಿತ್ತು. ಭಾವ, ಇದನ್ನ ನೀವು ಹಾರಿಸಿ ಅಂದ. ನನಗೆ ಅದ್ರಲ್ಲಿ ಒಂದಕ್ಷರ ಗೊತ್ತಿಲ್ಲ. ದೊಡ್ಡದೋ ಚಿಕ್ಕದೋ, ಎಲ್ಲ ಬಟ್ಟೇನೆ. ಆ ಮೈದಾನಕ್ಕೆ ನಾನು ಕಾಲೂ ಇಟ್ಟಿಲ್ಲ, ನೋಡೋಕೆ ಧೈರ್ಯ ಇರ್ಲಿಲ್ಲ."

"ಭಾವ ಬಾಮೈದ ಚೆನ್ನಾಗಿದ್ರಾ?"

ಅವಳು ಹಿಂದಿನ ಕೋಣೆಯ ಪರದೆಯತ್ತ ನೋಡಿದಳು. ಅಲ್ಲಿ ಕಣ್ಣು ಪರೀಕ್ಷಿಸುವ ಕುರ್ಚಿ ಕಾಣುತ್ತಿತ್ತು.

"ಅವನು ನನ್ನ ಒಡಹುಟ್ಟಿದೋನು ಮೇಡಂ. ನನ್ನ ಬಾಯಲ್ಲಿ ಇದನ್ನ ಹೇಳಿಸ್ಬೇಡಿ."

ಇನ್ಸ್‌ಪೆಕ್ಟರ್ ಕಾದಳು. ಕಾಯುವುದು ಅವಳಿಗೆ ಬರುತ್ತಿತ್ತು. ಮೂವತ್ತು ವರ್ಷದ ನೌಕರಿಯಲ್ಲಿ ಕಲಿತ ವಿದ್ಯೆ ಅದೊಂದೇ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

"ಅವನ ಕಣ್ಣು ಹೋಗ್ತಿದೆ," ಎಂದಳು ಹೆಂಗಸು ಕೊನೆಗೆ. "ಇವರು ಆ ಕುರ್ಚೀಲಿ ಕೂರಿಸಿ ನೋಡಿದ್ರು. ನೇರಕ್ಕೆ ನೋಡಿದ್ದು ಅಳಿಸಿಹೋಗುತ್ತಂತೆ, ಸುತ್ತ ಮಾತ್ರ ಕಾಣುತ್ತಂತೆ. ಅವನು ಹಾರೋದು ಒಬ್ಬನೇ ಅಲ್ಲವಲ್ಲ, ಗುರುತು ಪರಿಚಯ ಇಲ್ಲದೋರನ್ನ ಎದೆಗೆ ಕಟ್ಟಿಕೊಂಡು ಹಾರ್ತಾನೆ. 'ನೀನಾಗಿ ಬಿಟ್ಟುಬಿಡು, ಇಲ್ದಿದ್ರೆ ಕೋಚ್‌ಗೆ ನಾನೇ ಹೇಳ್ತೀನಿ' ಅಂದ್ರು ಇವರು. ಇಬ್ರೂ ಹೊರಗೆ ಬಂದಾಗ ಮುಖ ಮುಖ ನೋಡ್ಲಿಲ್ಲ. ಅದಾಗಿ ಕೆಲವು ದಿನಕ್ಕೇ..."

ಸೆರಗಿನಿಂದ ಬಾಯಿ ಒತ್ತಿಕೊಂಡಳು.

ಬಾಗಿಲಲ್ಲಿ ಮುದುಕರೊಬ್ಬರು ಬಂದು ನಿಂತು, "ನನ್ನ ಕನ್ನಡಕ ಆಯ್ತೇನಮ್ಮ?" ಎಂದು ಕೇಳಿದರು. ಹೆಂಗಸು ಕಣ್ಣೊರೆಸಿಕೊಂಡು, ಅಂಗೈ ಕೆಳಗಿನ ಮೊಳೆ ಹುಡುಕಿ ಮತ್ತೆ ಕೆಲಸಕ್ಕೆ ಕೂತಳು.

ಹಿಂತಿರುಗುವಾಗ ಪೇದೆ ಹೇಳಿದ, "ಕೇಸು ಬಗೆಹರೀತು ಮೇಡಂ."

"ಹ್ಞೂಂ," ಎಂದಳು. ಸಂತೋಷವಾಗಬೇಕಿತ್ತು. ಒಂದು ಮನೆಯ ಗಂಡಸರಿಬ್ಬರಲ್ಲಿ ಒಬ್ಬ ಮಣ್ಣಾದ, ಇನ್ನೊಬ್ಬ ಜೈಲಿಗೆ. ಮಧ್ಯೆ ಆ ಹೆಂಗಸು ಮೊಳೆ ತಿರುಗಿಸುತ್ತ ಕೂತಿರುತ್ತಾಳೆ. ಇದಕ್ಕೆ ಬಗೆಹರಿಯುವುದು ಎಂದು ಯಾಕೆ ಹೇಳುತ್ತಾರೋ.

*

ಹದ್ದು ಎಂದು ಅವನಿಗೆ ಹೆಸರು ಬಿದ್ದದ್ದು ಕಣ್ಣಿನಿಂದಲೇ. ಮೋಡದಂಚಿನಿಂದ ಇಳಿಯುವ ಜಾಗವನ್ನು ಎಲ್ಲರಿಗಿಂತ ಮೊದಲು ಗುರುತಿಸುತ್ತಿದ್ದನಂತೆ. ಈಗ ಶೆಡ್ಡಿನ ಮಧ್ಯೆ ಕೈಕಟ್ಟಿ ನಿಂತಿದ್ದ. ಎತ್ತರದ ಆಳು, ಬಿಸಿಲಿಗೆ ಸುಟ್ಟ ಮುಖ. ಅವನ ಜೊತೆ ಹಾರಲು ಬಂದಿದ್ದವರನ್ನು ಕೋಚ್ ಹೊರಗೆ ನೆರಳಿನಲ್ಲಿ ಕೂರಿಸಿ ಏನೋ ಸಬೂಬು ಹೇಳುತ್ತಿದ್ದರು.

ಅವನು ಇನ್ಸ್‌ಪೆಕ್ಟರಿನ ಮುಖ ನೋಡಲಿಲ್ಲ. ಅವಳ ಕಿವಿಯ ಪಕ್ಕಕ್ಕೆ, ಹಿಂದಿನ ಗೋಡೆಯತ್ತ ನೋಡುತ್ತಿದ್ದ. ಕಳೆದ ವಾರವೂ ಹೀಗೇ ನಿಂತಿದ್ದ. ಕಣ್ಣು ತಪ್ಪಿಸುತ್ತಾನೆ, ಏನೋ ಮುಚ್ಚಿಡುತ್ತಿದ್ದಾನೆ ಎಂದು ಆಗ ಅಂದುಕೊಂಡಿದ್ದಳು.

"ಭಾವನಿಗೆ ಕೊಟ್ಟ ಬಟ್ಟೆ ಎಷ್ಟರದ್ದು?"

"ನೂರೆಪ್ಪತ್ತು. ಎಷ್ಟು ಸಲ ಹೇಳ್ಲಿ?"

"ಖಂಡಿತಾನಾ?"

"ನನ್ನದೇ ಬಟ್ಟೆ ನನಗೆ ಗೊತ್ತಿಲ್ವಾ ಮೇಡಂ? ಅದ್ರಲ್ಲಿ ನಾನು ವರ್ಷಗಟ್ಟಲೆ ಹಾರಿದ್ದೀನಿ."

ಇನ್ಸ್‌ಪೆಕ್ಟರ್ ಅವನ ಕೈಗೆ ಒಂದು ಬಟ್ಟೆಯ ಅಂಚು ಕೊಟ್ಟಳು. "ಇದರ ಲೇಬಲ್ಲು ಓದಿ."

ಅವನು ಅದನ್ನು ಎತ್ತಿ ಹಿಡಿದ. ತಲೆ ತುಸು ಓರೆ ಮಾಡಿದ. ಮತ್ತೆ ಈ ಕಡೆ ಓರೆ ಮಾಡಿದ. "ನೂರೆಪ್ಪತ್ತು," ಎಂದ.

"ಇನ್ನೊಂದು ಸಲ ನೋಡಿ."

"ನೂರೆಪ್ಪತ್ತು ಅಂತ ಹೇಳಿದ್ನಲ್ಲ!"

"ಅದು ಇನ್ನೂರ ಹತ್ತು. ಕಲಿಯೋರದ್ದು. ನಿಮ್ಮ ಭಾವನ ಬಟ್ಟೆ ಅದಲ್ಲವೇ ಅಲ್ಲ."

ಅವನ ಕೈಯಿಂದ ಬಟ್ಟೆ ಜಾರಿತು. ಬಾಗಿಲ ಬಳಿ ಮಾಮ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತರು.

"ಎಷ್ಟು ದಿನದಿಂದ?" ಎಂದು ಕೇಳಿದಳು ಇನ್ಸ್‌ಪೆಕ್ಟರ್, ದನಿ ತಗ್ಗಿಸಿ.

"ಗೊತ್ತಿಲ್ಲ. ಮೊದಮೊದಲು ಕಣ್ಣೊಳಗೆ ಏನೋ ಬಿದ್ದಿದೆ ಅನ್ಕೊಂಡೆ." ಅವನು ಬೆಂಚಿನ ಮೇಲೆ ಕೂತ. ಗಟ್ಟಿ ಆಳು ಒಮ್ಮೆಗೇ ಕುಗ್ಗಿದಂತೆ ಕಂಡ. "ಎತ್ತರ ತೋರಿಸೋ ಮೀಟರು ಕಾಣಲ್ಲ. ಕಿವೀಲಿ ಬೀಪ್ ಅನ್ನುತ್ತಲ್ಲ, ಅದನ್ನ ನಂಬ್ತೀನಿ. ನೆಲ ಓರೆಗಣ್ಣಲ್ಲಿ ಕಾಣುತ್ತೆ. ಅಷ್ಟು ಸಾಕು ಅಂತ..."

"ಎದೆಗೆ ಕಟ್ಟಿಕೊಂಡೋರಿಗೂ ಅಷ್ಟು ಸಾಕಾ?"

ಅವನು ಅಂಗೈಯಿಂದ ಮೊಣಕಾಲು ಉಜ್ಜಿದ.

"ಭಾವ ಕಂಡುಹಿಡಿದ್ರು. ಕೋಚ್‌ಗೆ ಹೇಳ್ತೀನಿ ಅಂದ್ರು. ಹಾರಾಟ ಬಿಟ್ರೆ ನಿಮಗೆ ಬೇರೇನೂ ಇಲ್ಲ. ನಿಮ್ಮ ಹತ್ರ ಚಿಕ್ಕ ಬಟ್ಟೇನೂ ಇತ್ತು."

"ಇತ್ತು. ನೂರಮೂವತ್ತೈದು. ಕಣ್ಣು ಸರಿಯಿದ್ದಾಗ ಹಾರಿಸ್ತಿದ್ದೆ. ಎರಡೂ ಒಂದೇ ಬಣ್ಣದಲ್ಲಿ ಮಾಡಿಸಿದ್ದೆ, ನೀಲಿ, ಮಧ್ಯೆ ಹಳದಿ." ಹೇಳುತ್ತ ಹೇಳುತ್ತ ಅವನಿಗೆ ಹೊಳೆಯಿತು. "ಮೇಡಂ... ಭಾವ ಹಾರಿದ್ದು ಅದ್ರಲ್ಲಾ?"

"ನೀವೇ ಹೇಳ್ಬೇಕು."

"ಇಲ್ಲ. ಇಲ್ಲ ಮೇಡಂ. ನಾನು ಕೊಟ್ಟಿದ್ದು ನೂರೆಪ್ಪತ್ತು. ಅಟ್ಟದಲ್ಲಿ ಎರಡು ಚೀಲ ಇದ್ವು, ನೂರೆಪ್ಪತ್ತರದ್ದು ತಗೊಳ್ಳಿ ಅಂತ ಭಾವನಿಗೇ ಹೇಳಿದ್ದೆ. ಕಣ್ಣು ತೋರಿಸೋಕೆ ಮುಂಚೇನೇ ಅದು!" ಎದ್ದು ನಿಂತ. "ನಾನು ಅವರ ಮೇಲೆ ಕೂಗಾಡಿದ್ದು ನಿಜ. ನನ್ನ ಹೊಟ್ಟೆ ಮೇಲೆ ಹೊಡೀತೀರಾ ಅಂದಿದ್ದೂ ನಿಜ. ಮರುದಿನ ಫೋನ್ ಮಾಡಿ, ಈ ತಿಂಗಳು ಕಳೀಲಿ ಭಾವ, ನಾನೇ ಹೇಳ್ತೀನಿ ಅಂದೆ. ಸರಿ ಕಣೋ ಅಂದ್ರು. ಅದೇ ಕೊನೇ ಮಾತು."

ಅವನು ಅಳಲಿಲ್ಲ. ಆದರೆ ದನಿ ನೀರಿಲ್ಲದ ನಲ್ಲಿಯಂತೆ ಕೊನೆಗೆ ಬರೀ ಗಾಳಿಯಾಯಿತು.

ಇನ್ಸ್‌ಪೆಕ್ಟರ್ ನೀಲಿ ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಬಿಳಿ ಲೇಬಲ್ಲು. ಸುತ್ತ ಹೊಲಿಗೆ. ಒಂದರ ಪಕ್ಕ ಒಂದು, ಅಕ್ಕಿಕಾಳಿನ ಅರ್ಧಕ್ಕೂ ಸಣ್ಣವು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ದಪ್ಪ ಅಂಕಿಯನ್ನೇ ಓದಲಾರದ ಮನುಷ್ಯ.

ಇಡೀ ದಿನ ಹಿಡಿದುಕೊಂಡು ಬಂದದ್ದು ಕೈಯಿಂದ ಸದ್ದಿಲ್ಲದೆ ಜಾರಿತು. ಕೊಲ್ಲಲು ಕಾರಣ ಇವನಿಗಿತ್ತು. ಕೊಲ್ಲಲು ಬೇಕಾದ ಬಟ್ಟೆಯೂ ಇವನದೇ. ಆದರೆ ಈ ಸೂಜಿ ಹಿಡಿದ ಕೈ ಇವನದಾಗಿರಲು ಸಾಧ್ಯವಿಲ್ಲ.

"ಬೇರೆಯೋರ ಕೈಲಿ ಹೊಲಿಸಿರಬಹುದಲ್ಲ ಮೇಡಂ," ಎಂದ ಪೇದೆ ಹಿಂದಿನಿಂದ, ಊಟ ತಪ್ಪಿದವನ ದನಿಯಲ್ಲಿ. "ಸ್ಟೇಷನ್ನಿಗೆ ಕರ್ಕೊಂಡು ಹೋದ್ರೆ ತಾನಾಗೇ ಹೇಳ್ತಾನೆ. ಸಾಹೇಬ್ರೂ ಕಾಯ್ತಿದ್ದಾರೆ."

ಅದು ಸುಲಭದ ದಾರಿ. ಇವನನ್ನು ಜೀಪಿನಲ್ಲಿ ಕೂರಿಸಿದರೆ ಸಂಜೆಗೆ ಮನೆ ಸೇರಬಹುದು. ಬಿಸಿನೀರಿನ ಚೀಲ ತುಂಬಿಸಬಹುದು. ಇನ್ಸ್‌ಪೆಕ್ಟರ್ ನಿಜಕ್ಕೂ ಒಂದು ಕ್ಷಣ ಆ ದಾರಿಯನ್ನು ನೋಡಿದಳು.

"ಬನ್ನಿ," ಎಂದಳು ಅವನಿಗೆ. "ವಿಚಾರಣೆಗೆ ಬರಬೇಕಾಗುತ್ತೆ."

ಹದ್ದು ಎರಡೂ ಕೈ ಮುಂದೆ ಚಾಚಿ ಬೆಂಚಿನ ಅಂಚು ತಡವಿಕೊಂಡು ಎದ್ದ. ಇಷ್ಟು ದಿನ ಎಲ್ಲರೆದುರು ಮುಚ್ಚಿಟ್ಟದ್ದನ್ನು ಇನ್ನು ಮುಚ್ಚಿಡುವ ಅಗತ್ಯವಿರಲಿಲ್ಲ. ಹಾಗೆ ತಡವಿದ ಆ ಕೈಗಳನ್ನು ನೋಡಿ ಮಾಮ ಬಾಯಿಬಿಟ್ಟರು.

"ಬಿಡಿ ಮೇಡಂ. ಅವನನ್ನ ಬಿಡಿ."

ಎಲ್ಲರೂ ತಿರುಗಿದರು.

"ಆ ಹೊಲಿಗೆ ನಂದು."

ಮಾಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದರು. "ಬೆಳಿಗ್ಗೆ ನೀವು ಬಗ್ಗಿ ನೋಡೋಕೆ ಮುಂಚೇನೇ ಗೊತ್ತಾಯ್ತು. ನನ್ನ ಹೊಲಿಗೆ ನನಗೆ ಗೊತ್ತಿಲ್ವಾ? ಹೇಳೋಕೆ ಬಾಯಿ ಬರ್ಲಿಲ್ಲ. ನನ್ನ ಕೈಯಿಂದಲೇ ಆ ಮನುಷ್ಯ ಹೋದ ಅಂತ... ಇಷ್ಟು ವರ್ಷ ಒಂದು ಹೊಲಿಗೆ ಬಿಟ್ಟಿಲ್ಲ ನಾನು."

"ಕೂತ್ಕೊಳ್ಳಿ ಮಾಮ. ನಿಧಾನವಾಗಿ ಹೇಳಿ."

ಅವರು ಕೂರಲಿಲ್ಲ. "ಬಟ್ಟೆ ಮಡಿಸಿ ಚೀಲದಲ್ಲಿ ತುಂಬಿ ತಂದಿದ್ರು. ಲೇಬಲ್ಲಿರೋ ಜಾಗ ಮಾತ್ರ ಹೊರಗೆ ಎಳೆದು ನನ್ನ ಮುಂದೆ ಹಿಡಿದ್ರು. ಲೇಬಲ್ಲು ಗುಂಡುಸೂಜೀಲಿ ಸಿಕ್ಕಿಸಿತ್ತು. ಕಿತ್ತು ಬಂದಿದೆ, ಹಾಕಿಕೊಡಿ ಅಂದ್ರು. ಅವತ್ತು ಕೈತುಂಬ ಕೆಲಸ. ಬಿಡಿಸಿ ನೋಡ್ಬೇಕು ಅಂತ ಅನಿಸ್ಲೇ ಇಲ್ಲ. ಲೇಬಲ್ಲು ತಾನೇ. ನಿಂತ ಕಾಲಲ್ಲೇ ಹೊಲಿದುಕೊಟ್ಟೆ."

"ಹಳೇ ತೂತು ಕಾಣಿಸ್ಲಿಲ್ವಾ?"

"ಕಾಣಿಸ್ತು. ಬಿಸಿಲಿಗೆ ಲೇಬಲ್ಲು ಕುಗ್ಗಿರಬೇಕು ಅನ್ಕೊಂಡೆ. ಹಾಗೆ ಅನ್ಕೊಳ್ಳೋದು ಸುಲಭ ಆಗಿತ್ತು ಮೇಡಂ."

"ತಂದಿದ್ದು ಯಾರು? ಇವರಾ?"

ಮಾಮ ಹದ್ದಿನ ಕಡೆ ನೋಡಿ ತಲೆಯಾಡಿಸಿದರು. ಅವನಿಗೆ ಅದು ಕಾಣಲಾರದು ಎಂದು ತಕ್ಷಣ ನೆನಪಾಗಿ, ಬಾಯಿ ಬಿಟ್ಟು ಹೇಳಿದರು.

"ಅಲ್ಲ. ಇವನ ಅಕ್ಕ."

"ಸುಳ್ಳು," ಎಂದ ಹದ್ದು ಕೂಡಲೇ. "ಅಕ್ಕ ಇಲ್ಲಿಗೆ ಬರೋದೇ ಇಲ್ಲ. ಮೈದಾನ ಅಂದ್ರೇ ಅವಳಿಗೆ ಭಯ."

"ಒಂದೇ ಸಲ ಬಂದಿದ್ರು ಕಣಪ್ಪ. ನೀನೂ ನಿಮ್ಮ ಭಾವನೂ ಇಬ್ರೂ ಮೇಲಿದ್ರಿ. ವಿಮಾನ ಆಗಷ್ಟೇ ಎದ್ದಿತ್ತು." ಮಾಮ ಇನ್ಸ್‌ಪೆಕ್ಟರಿನತ್ತ ತಿರುಗಿದರು. "ಹೋಗೋವಾಗ ಕೈಮುಗಿದು ಕೇಳಿಕೊಂಡ್ರು ಮೇಡಂ. ಗಂಡನಿಗೂ ಹೇಳ್ಬೇಡಿ, ತಮ್ಮನಿಗೂ ಹೇಳ್ಬೇಡಿ, ಸಾಮಾನು ಹಾಳು ಮಾಡ್ದೆ ಅಂತ ಇಬ್ರೂ ಬೈತಾರೆ ಅಂತ. ಪಾಪ ಅಂದುಕೊಂಡೆ."

ಆಕಸ್ಮಿಕ ಅಲ್ಲ ಎಂದು ಠಾಣೆಯ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಈ ನೀಲಿ ಬಟ್ಟೆಯನ್ನು ಯಾರೂ ಬಿಡಿಸಿ ನೋಡುತ್ತಿರಲಿಲ್ಲ. ಗಂಡನನ್ನು ಕೊಂದವಳು ತನ್ನ ಕೊಲೆಯನ್ನು ತಾನೇ ಯಾಕೆ ಹುಡುಕಿಸುತ್ತಾಳೆ?

ಹುಡುಕಿದರೆ ಯಾರು ಸಿಗುತ್ತಾರೆ ಎಂಬುದು ಮೊದಲೇ ಗೊತ್ತಿದ್ದರೆ, ಹುಡುಕಿಸಬಹುದು.

ಹದ್ದು ಬೆಂಚಿನ ಮೇಲೆ ಮತ್ತೆ ಕೂತಿದ್ದ. ಇನ್ಸ್‌ಪೆಕ್ಟರಿನ ಕಿವಿಯ ಪಕ್ಕಕ್ಕೆ ನೋಡುತ್ತ ಕೇಳಿದ.

"ಮೇಡಂ, ನನ್ನ ಕಣ್ಣಿನ ವಿಷಯ ಭಾವನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅಕ್ಕನಿಗೆ ಗೊತ್ತಾಗೋದು ಬೇಡ ಅಂತ ಭಾವನ ಹತ್ರ ಆಣೆ ಹಾಕಿಸಿಕೊಂಡಿದ್ದೆ. ಅಂಗಡಿ ಮುಚ್ಚಿದ ಮೇಲೆ, ಅವಳು ಮನೆಗೆ ಹೋದ ಮೇಲೇನೇ ಆ ಕುರ್ಚೀಲಿ ಕೂತಿದ್ದು. ನೀವು ಲೇಬಲ್ಲು ಓದಿಸೋಕೆ ಮುಂಚೇನೇ ನಿಮಗೆ ಗೊತ್ತಿತ್ತು. ಯಾರು ಹೇಳಿದ್ರು?"

ಕನ್ನಡಕದಂಗಡಿಯ ಪರದೆಯತ್ತ ತಿರುಗಿದ ಆ ಹೆಂಗಸಿನ ನೋಟ ಇನ್ಸ್‌ಪೆಕ್ಟರಿಗೆ ನೆನಪಾಯಿತು. ತನ್ನ ಮುಖ ಅವನಿಗೆ ಕಾಣುವುದಿಲ್ಲ ಎಂಬುದು ಆ ದಿನ ಮೊದಲ ಸಲ ಅವಳಿಗೆ ಸಮಾಧಾನವೆನಿಸಿತು.